ಎಂಜಿನ್ ಇಲ್ಲದ ಗಾಡಿಗೆ ಕಾವಲು: ಬ್ರಿಟನ್ನಿನಲ್ಲಿ ಕ್ಯಾರವಾನ್ ಇಟ್ಟುಕೊಂಡವರಿಗೆ

ನಮ್ಮ ಬೀದಿಯಲ್ಲಿ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಗಾಡಿ, ಕಳುವಾದದ್ದು ನಡುರಾತ್ರಿಯಲ್ಲಲ್ಲ, ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಹಳದಿ ಜಾಕೆಟ್ ತೊಟ್ಟ ಇಬ್ಬರು ಬಂದರು, ಕಾರನ್ನು ಹಿಂದಕ್ಕೆ ತಂದು ಗಾಡಿಯನ್ನು ಸಿಕ್ಕಿಸಿಕೊಂಡರು, ಎದುರು ಮನೆಯ ಅಜ್ಜಿಗೆ ಕೈಬೀಸಿ ಹೊರಟರು. ಸರ್ವೀಸಿಗೆ ಒಯ್ಯುತ್ತಿದ್ದಾರೆ ಎಂದುಕೊಂಡ ಅಜ್ಜಿ ತಾವೂ ಕೈಬೀಸಿದರು. ಆ ವಾರ ಮುಗಿಯುವುದರೊಳಗೆ ಬೀದಿಯಲ್ಲಿ ಉಳಿದ ಕ್ಯಾರವಾನ್‌ಗಳಿಗೆಲ್ಲ ಹೊಚ್ಚ ಹೊಸ ಬೀಗಗಳು ಬಂದವು, ನಮ್ಮದಕ್ಕೂ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮಕ್ಕಳ ಒತ್ತಾಯಕ್ಕೋ ಹೋಟೆಲ್ ದರ ತಾಳಲಾರದೆಯೋ ಕ್ಯಾರವಾನ್ ಕೊಂಡಿರುವ ಅಥವಾ ಕೊಳ್ಳಲು ಹೊರಟಿರುವ ಇಲ್ಲಿನ ಕನ್ನಡಿಗರಿಗಾಗಿ, ಆ ಮಂಗಳವಾರದಿಂದೀಚೆಗೆ ನಾನು ಕಲಿತದ್ದನ್ನು ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಕಳ್ಳನಿಗೆ ಕೆಲಸ ಏಕೆ ಇಷ್ಟು ಸುಲಭ ಎಂಬುದನ್ನು ತಿಳಿದುಕೊಳ್ಳಬೇಕು. ಹಿಂದೆ ಸಂತೆಗೆ ಬಂದವರು ಎತ್ತುಗಳನ್ನು ಬಿಚ್ಚಿ ಕಣ್ಣಳತೆಯಲ್ಲಿ ಕಟ್ಟಿಕೊಂಡರೆ ಸಾಕಿತ್ತು, ಬರಿಯ ಗಾಡಿಯನ್ನು ಯಾರೂ ಎಳೆದುಕೊಂಡು ಹೋಗುತ್ತಿರಲಿಲ್ಲ. ಕ್ಯಾರವಾನ್‌ನ ಕಥೆ ಇದಕ್ಕೆ ತದ್ವಿರುದ್ಧ. ಅದರ ಮೂಗಿನಲ್ಲಿರುವ ಹಿಚ್ ಎಂಬ ಕೊಂಡಿ, ಕಾರಿನ ಹಿಂಬದಿಯಲ್ಲಿರುವ 50 ಮಿಲಿಮೀಟರಿನ ಗುಂಡನ್ನು ಕಚ್ಚಿಕೊಳ್ಳುವಂತೆ ಮಾಡಿದ್ದು, ಆ ಗುಂಡಿನ ಅಳತೆ ಎಲ್ಲ ಕಾರುಗಳಲ್ಲೂ ಒಂದೇ. ಆ ಗುಂಡನ್ನು ಹೊತ್ತ ಟೋ ಬಾರ್ ಇರುವ ಪ್ರತಿಯೊಂದು ಕಾರೂ ನಿಮ್ಮ ಗಾಡಿಯ ನೊಗಕ್ಕೆ ಹೊಂದುವ ಎತ್ತೇ. ಎಂಜಿನ್ ಇಲ್ಲ, ಆದ್ದರಿಂದ ಇಗ್ನಿಷನ್ ಕೀಲಿಯೂ ಇಲ್ಲ, ಸ್ಟಿಯರಿಂಗ್ ಬೀಗವೂ ಇಲ್ಲ. ಹ್ಯಾಂಡ್‌ಬ್ರೇಕ್ ಇಳಿಸಿದರೆ ಗಾಡಿ ಯಾರದೋ ಆಯಿತು.

ಇದರ ಮೇಲೆ ಇನ್ನೊಂದು ವಿಚಿತ್ರ. ನಮ್ಮ ಊರಿನಲ್ಲಿ ಟ್ರ್ಯಾಕ್ಟರ್ ಟ್ರೇಲರಿಗೂ ಅದರದೇ ನೋಂದಣಿ ಸಂಖ್ಯೆ ಇರುತ್ತದೆ. ಬ್ರಿಟನ್ನಿನಲ್ಲಿ ಕ್ಯಾರವಾನ್‌ಗೆ ಸ್ವಂತ ಸಂಖ್ಯೆ ಇಲ್ಲ, ಯಾವ ಕಾರು ಎಳೆಯುತ್ತದೆಯೋ ಆ ಕಾರಿನ ಸಂಖ್ಯೆಯ ಫಲಕವನ್ನೇ ಹಿಂದೆ ಹಾಕಬೇಕು. ಅಂದರೆ ಕಳ್ಳ ತನ್ನ ಕಾರಿನ ಸಂಖ್ಯೆ ಹಾಕಿಕೊಂಡು ಹೋದರೆ, ಪೊಲೀಸ್ ಕ್ಯಾಮೆರಾದ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಹೀಗಾಗಿ ಕಾವಲಿನಲ್ಲಿ ಎರಡು ಭಾಗಗಳಿವೆ: ಎಳೆದೊಯ್ಯಲು ಬಿಡದಿರುವುದು, ಮತ್ತು ಎಳೆದೊಯ್ದರೂ ನಿಮ್ಮದೆಂದು ತೋರಿಸಲು ಆಗುವಂತೆ ಇಟ್ಟುಕೊಳ್ಳುವುದು. ಹೆಚ್ಚಿನವರು ಮೊದಲನೆಯದಕ್ಕೆ ಹಣ ಸುರಿದು ಎರಡನೆಯದನ್ನು ಮರೆತುಬಿಡುತ್ತಾರೆ.

1. ಕೊಳ್ಳುವ ಮೊದಲು ಕಿಟಕಿಯ ಗಾಜು ಓದಿ

ಹಳೆಯ ಕ್ಯಾರವಾನ್ ಕೊಳ್ಳುವವರು ಛಾವಣಿಯಲ್ಲಿ ತೇವ ಇದೆಯೇ ಎಂದು ಗೋಡೆ ಒತ್ತಿ ನೋಡುತ್ತಾರೆ, ಒಳ್ಳೆಯದೇ. ಆದರೆ ಮೊದಲು ನೋಡಬೇಕಾದದ್ದು ಕಿಟಕಿಯ ಮೂಲೆಯಲ್ಲಿ ಕೊರೆದಿರುವ 17 ಅಕ್ಷರಾಂಕಗಳ ಗುರುತು ಸಂಖ್ಯೆ, ಇಲ್ಲಿನವರು ವಿಐಎನ್ ಎನ್ನುವುದು. ಕ್ಯಾರವಾನ್ ಉದ್ಯಮದ ಒಕ್ಕೂಟವಾದ ನ್ಯಾಷನಲ್ ಕ್ಯಾರವಾನ್ ಕೌನ್ಸಿಲ್ 1992ರಲ್ಲಿ ಕ್ರಿಸ್ ಎಂಬ ನೋಂದಣಿ ವ್ಯವಸ್ಥೆ ಶುರು ಮಾಡಿತು. ಅಲ್ಲಿಂದೀಚೆಗೆ ಅದರ ಸದಸ್ಯ ಕಂಪನಿಗಳು ಇಲ್ಲಿ ತಯಾರಿಸುವ ಗಾಡಿಗಳಿಗೆಲ್ಲ ಈ ಸಂಖ್ಯೆ ಇರುತ್ತದೆ. ಚಾಸಿಯ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿನ ಮೇಲೂ ಅದೇ ಸಂಖ್ಯೆ ಇರಬೇಕು. 2016ರಿಂದ ಗಾಡಿಯೊಳಗೆ ಚಿಪ್‌ಗಳನ್ನೂ ಅಡಗಿಸಿಡುತ್ತಾರೆ.

ನಾಲ್ಕು ವರ್ಷದ ಹಿಂದೆ ನಾನೊಂದು ಗಾಡಿ ನೋಡಲು ಹೋಗಿದ್ದೆ. ಮಾರುವವನು ಮನೆಗೆ ಕರೆಯಲಿಲ್ಲ, ಹೆದ್ದಾರಿ ಪಕ್ಕದ ಕಾರ್ ಪಾರ್ಕಿಗೆ ಬರಲು ಹೇಳಿದ. ಬೆಲೆ ಕೇಳಿ ಹೆಂಡತಿಯ ಮುಖ ಅರಳಿತು, ನನ್ನದೂ. ಮುಂದಿನ ಕಿಟಕಿಯ ಮೂಲೆಯಲ್ಲಿ ಬೆರಳಾಡಿಸಿದರೆ ಗಾಜು ಒರಟಾಗಿತ್ತು, ಯಾರೋ ಉಜ್ಜಿ ಅಳಿಸಿದ್ದರು. ಚಹಾ ಕುಡಿದು ಬರುತ್ತೇವೆ ಎಂದು ಹೇಳಿ ಮನೆಗೆ ಬಂದುಬಿಟ್ಟೆವು.

ಸಂಖ್ಯೆ ಸಿಕ್ಕಿದ ಮೇಲೆ ಕ್ರಿಸ್‌ಗೆ ಶುಲ್ಕ ಕಟ್ಟಿ ವಿಚಾರಿಸಿ. ಗಾಡಿ ಕಳುವಿನ ದಾಖಲೆಯಲ್ಲಿದೆಯೇ, ಅದರ ಮೇಲೆ ಸಾಲ ಬಾಕಿ ಇದೆಯೇ, ವಿಮೆ ಕಂಪನಿ ಅದನ್ನು ಗುಜರಿ ಎಂದು ಬರೆದುಹಾಕಿದೆಯೇ ಎಂಬುದು ತಿಳಿಯುತ್ತದೆ. ಇದು ಉಳಿಸುವ ಹಣದ ಮುಂದೆ ಆ ಶುಲ್ಕ ಏನೂ ಅಲ್ಲ. ಇಲ್ಲಿನ ಕಾನೂನಿನಲ್ಲಿ ಕದ್ದ ಮಾಲನ್ನು ನೀವು ಏನೂ ಅರಿಯದೆ ಕೊಂಡರೂ ಅದು ನಿಮ್ಮದಾಗುವುದಿಲ್ಲ. ಗಾಡಿ ಮೂಲ ಒಡೆಯನಿಗೋ ಅವನ ವಿಮೆ ಕಂಪನಿಗೋ ಹೋಗುತ್ತದೆ, ನಿಮ್ಮ ಹಣ ಮಾರಿದವನ ಹಿಂದೆ ಹೋಗುತ್ತದೆ.

ಕೊಂಡ ಕೂಡಲೇ ಕ್ರಿಸ್‌ನಲ್ಲಿ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ. ಕಾನೂನು ಇದನ್ನು ಕಡ್ಡಾಯ ಮಾಡಿಲ್ಲ, ಅದಕ್ಕೇ ಬಹಳ ಜನ ನಾಳೆ ನಾಳೆ ಎನ್ನುತ್ತಾರೆ. ಕ್ರಿಸ್ ಪತ್ರ ಗಾಡಿ ಯಾರ ಬಳಿ ಇದೆ ಎಂಬುದನ್ನು ಹೇಳುತ್ತದೆಯೇ ಹೊರತು ಒಡೆತನವನ್ನಲ್ಲ, ಆದ್ದರಿಂದ ಮಾರಿದವರ ರಸೀದಿಯನ್ನೂ ಜೋಪಾನ ಮಾಡಿ.

2. ಬೀಗ ಕೊಳ್ಳುವ ಮೊದಲು ವಿಮೆಯ ಷರತ್ತು ಓದಿ

ಕಾರಿನ ವಿಮೆಯೇ ಕ್ಯಾರವಾನ್‌ಗೂ ಸಾಕು ಎಂದುಕೊಂಡವರನ್ನು ನಾನು ಬಹಳ ಕಂಡಿದ್ದೇನೆ. ಅದು ಸಾಮಾನ್ಯವಾಗಿ ಎಳೆದುಕೊಂಡು ಹೋಗುವಾಗ ಬೇರೆಯವರಿಗೆ ಆಗುವ ಹಾನಿಗೆ ಮಾತ್ರ ಸಲ್ಲುತ್ತದೆ, ಕಳುವಿಗಲ್ಲ. ಕ್ಯಾರವಾನ್‌ಗೆ ಬೇರೆಯೇ ವಿಮೆ ಬೇಕು.

ಆ ವಿಮೆಯ ಪುಸ್ತಕದಲ್ಲಿ ಭದ್ರತೆಯ ಪುಟವೊಂದು ಇರುತ್ತದೆ. ಯಾವ ಬೀಗ ಬೇಕು, ಯಾವ ದರ್ಜೆಯದು ಬೇಕು, ಯಾವಾಗ ಹಾಕಿರಬೇಕು ಎಂದು ಅದರಲ್ಲಿ ಬರೆದಿರುತ್ತಾರೆ. ದರ್ಜೆ ಎಂದರೆ ಬಹುಪಾಲು ಸೋಲ್ಡ್ ಸೆಕ್ಯೂರ್ ಸಂಸ್ಥೆಯ ಬ್ರಾಂಜ್, ಸಿಲ್ವರ್, ಗೋಲ್ಡ್, ಡೈಮಂಡ್ ಗುರುತುಗಳು. ಬೀಗಗಳನ್ನು ನಿಜವಾದ ಉಪಕರಣಗಳಿಂದ ಒಡೆದು ನೋಡಿ ಅವರು ದರ್ಜೆ ಕೊಡುತ್ತಾರೆ. ಪುಟದಲ್ಲಿ "ಗಾಡಿಯ ಬಳಿ ಯಾರೂ ಇಲ್ಲದಿರುವಾಗಲೆಲ್ಲ" ಎಂಬ ಅರ್ಥದ ಮಾತು ಇದ್ದರೆ ಅದಕ್ಕೆ ಅಡಿಗೆರೆ ಎಳೆಯಿರಿ. ಹೆದ್ದಾರಿಯ ಸರ್ವೀಸ್ ಸ್ಟೇಷನ್ನಿನಲ್ಲಿ ಇಳಿದು ಹತ್ತು ನಿಮಿಷ ಶೌಚಾಲಯಕ್ಕೆ ಹೋದದ್ದೂ ಅದರಲ್ಲಿ ಸೇರುತ್ತದೆ.

ಬೀಗ ಹಾಕಿದ ಗಾಡಿಯ ಫೋಟೋ, ಬೀಗದ ರಸೀದಿ, ಬೀಗದೊಂದಿಗೆ ಬಂದ ಅಷ್ಟೂ ಕೀಲಿಗಳು, ಇವನ್ನೆಲ್ಲ ಕಳುವಾದ ಮೇಲೆ ವಿಮೆಯವರು ಕೇಳುವ ಸಾಧ್ಯತೆ ಇದೆ. ಮೂರು ಕೀಲಿಗಳಲ್ಲಿ ಒಂದು ಕಾಣೆಯಾದರೆ ಅದು ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ.

3. ನಿಲ್ಲಿಸುವ ಜಾಗ

ನಮ್ಮಂಥವರ ಕ್ಯಾರವಾನ್ ವರ್ಷದಲ್ಲಿ ಐದಾರು ವಾರ ಓಡಾಡಿದರೆ ಹೆಚ್ಚು. ಉಳಿದ ಕಾಲವೆಲ್ಲ ಒಂದೇ ಕಡೆ ನಿಂತಿರುತ್ತದೆ. ಆ ನಿಂತ ಜಾಗವೇ ಅಪಾಯದ ಜಾಗ.

ಮನೆಯ ಡ್ರೈವ್‌ವೇಯಲ್ಲಿ ನಿಲ್ಲಿಸುವುದಾದರೆ ಮೂಗು ಮನೆಯ ಕಡೆಗೆ, ಬೆನ್ನು ರಸ್ತೆಯ ಕಡೆಗೆ ಇರಲಿ. ಹಿಚ್ ರಸ್ತೆಗೆ ಮುಖ ಮಾಡಿದ್ದರೆ ಕಳ್ಳನಿಗೆ ಕಾರನ್ನು ಹಿಂದಕ್ಕೆ ತರುವುದಷ್ಟೇ ಕೆಲಸ, ಮನೆಗೆ ಮುಖ ಮಾಡಿದ್ದರೆ ಇಡೀ ಗಾಡಿಯನ್ನು ತಿರುಗಿಸಬೇಕು. ಅದರ ಹಿಂದೆ ನಿಮ್ಮ ಕಾರು ಅಡ್ಡ ನಿಂತಿದ್ದರೆ ಇನ್ನೂ ಒಳ್ಳೆಯದು. ನೆಲಕ್ಕೆ ಜಲ್ಲಿ ಹಾಸಿದ್ದರೆ ರಾತ್ರಿ ಹೆಜ್ಜೆ ಸದ್ದು ಕೇಳುತ್ತದೆ. ಅಂದ ಹಾಗೆ, ಕೆಲವು ಹೊಸ ಬಡಾವಣೆಗಳಲ್ಲಿ ಮನೆಯ ಕ್ರಯಪತ್ರವೇ ಮುಂದೆ ಕ್ಯಾರವಾನ್ ನಿಲ್ಲಿಸಬಾರದು ಎಂದು ಹೇಳಿರುತ್ತದೆ. ಮೊದಲೇ ಓದಿಕೊಳ್ಳದಿದ್ದರೆ ಕಳ್ಳನಿಗಿಂತ ಮುಂಚೆ ನೆರೆಯವರ ಪತ್ರ ಬರುತ್ತದೆ.

ಡ್ರೈವ್‌ವೇ ಇದ್ದವರಿಗೆ ಕಾಂಕ್ರೀಟಿನಲ್ಲಿ ಹೂತ ಉಕ್ಕಿನ ಕಂಬ ಒಳ್ಳೆಯ ಹೂಡಿಕೆ. ಬೇಕಾದಾಗ ಮಡಚುವ ಅಥವಾ ಎತ್ತಿಡುವ ಬಗೆಯವು ಸಿಗುತ್ತವೆ. ನನಗೆ ಹಿಡಿಸಿದ್ದು ತಲೆಯ ಮೇಲೆ ಕಾರಿನಲ್ಲಿರುವಂಥದೇ ಗುಂಡು (ಟೋ ಬಾಲ್) ಇರುವ ಕಂಬ: ಗಾಡಿಯನ್ನು ಕಾರಿಗೆ ಸಿಕ್ಕಿಸುವ ಹಾಗೆಯೇ ಅದಕ್ಕೆ ಸಿಕ್ಕಿಸಿ ಬೀಗ ಹಾಕಬಹುದು, ಗೂಟಕ್ಕೆ ಹಸು ಕಟ್ಟಿದಂತೆ.

ಜಾಗವಿಲ್ಲದವರು ಸ್ಟೋರೇಜ್ ಯಾರ್ಡಿಗೆ ಬಾಡಿಗೆ ಕೊಡುತ್ತಾರೆ. ಅವುಗಳಿಗೆ ಕಸ್ಸೋವಾ ಎಂಬ ಒಕ್ಕೂಟ ಗೋಲ್ಡ್, ಸಿಲ್ವರ್, ಬ್ರಾಂಜ್ ದರ್ಜೆ ಕೊಡುತ್ತದೆ, ವಿಮೆಯವರೂ ಅದನ್ನು ಕೇಳುತ್ತಾರೆ. ದರ್ಜೆಯ ಫಲಕ ಕಂಡೊಡನೆ ಸಹಿ ಹಾಕಬೇಡಿ. ಒಂದು ಸಂಜೆ ಕತ್ತಲಾದ ಮೇಲೆ ಹೋಗಿ ನೋಡಿ: ದೀಪ ಉರಿಯುತ್ತಿದೆಯೇ, ಬೇಲಿಯ ಆಚೆ ಹೊಲವಿದೆಯೋ ದಾರಿಯಿದೆಯೋ, ಯಾರಾದರೂ ಅಲ್ಲೇ ವಾಸವಿದ್ದಾರೆಯೇ. ಬಿಟ್ಟುಹೋದ ಗಿರಾಕಿಗಳಿಗೂ ಗೇಟಿನ ಹಳೆಯ ಸಂಕೇತ ಸಂಖ್ಯೆಯೇ ನಡೆಯುತ್ತದೆಯೇ ಎಂದು ಕೇಳಿ. ಈ ಪ್ರಶ್ನೆಗೆ ಮಾಲೀಕರು ತಡವರಿಸಿದರೆ ಬೇರೆ ಯಾರ್ಡ್ ಹುಡುಕಿ.

4. ಚಕ್ರದ ಬೀಗ

ಒಂದೇ ಬೀಗಕ್ಕೆ ಹಣ ಇದೆ ಎಂದರೆ ಚಕ್ರದ ಬೀಗವನ್ನೇ ಕೊಳ್ಳಿ. ಇದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಹಿಚ್ ಬೀಗವನ್ನು ತಪ್ಪಿಸಿಕೊಂಡು ಹೋಗಲು ದಾರಿಗಳಿವೆ, ತಿರುಗದ ಚಕ್ರವನ್ನು ತಿರುಗಿಸಲು ಅಷ್ಟು ಸುಲಭದ ದಾರಿ ಇಲ್ಲ.

ಚಕ್ರದ ಬೀಗದಲ್ಲಿ ಎರಡು ಬಗೆ. ಒಂದು, ಹೊರಗಿನಿಂದ ಚಕ್ರವನ್ನು ತಬ್ಬಿಕೊಳ್ಳುವ ಕ್ಲ್ಯಾಂಪ್. ಹಳದಿ ಬಣ್ಣದ ಇದು ದೂರದಿಂದಲೇ ಕಾಣುತ್ತದೆ, ಬಹುಪಾಲು ಗಾಡಿಗಳಿಗೆ ಹೊಂದುತ್ತದೆ, ಬೆಲೆಯೂ ಕಡಿಮೆ. ಕೊಳ್ಳುವಾಗ ಅದು ಚಕ್ರದ ಬೋಲ್ಟುಗಳನ್ನು ಮುಚ್ಚುತ್ತದೆಯೇ ಎಂದು ನೋಡಿ. ಬೋಲ್ಟುಗಳು ಕೈಗೆ ಸಿಗುವಂತಿದ್ದರೆ ಕಳ್ಳ ಕ್ಲ್ಯಾಂಪ್ ಸಮೇತ ಚಕ್ರವನ್ನೇ ಕಳಚಿಟ್ಟು ತಾನು ತಂದ ಚಕ್ರ ಹಾಕಿಕೊಂಡು ಹೋಗುತ್ತಾನೆ.

ಇನ್ನೊಂದು, ಆಲ್-ಕೋ ಸೆಕ್ಯೂರ್‌ನಂಥ, ಚಕ್ರದ ಕಡ್ಡಿಗಳ ನಡುವಿನಿಂದ ಒಳಗೆ ಹೋಗಿ ಹಿಂದೆ ಚಾಸಿಯ ಕಡೆ ಕೂರಿಸಿರುವ ಗೂಡಿಗೆ ಬೋಲ್ಟ್ ಆಗುವ ಬೀಗ. ಹಳೆಯ ಬಂಡಿಯ ಕಡಾಣಿ ಚಕ್ರ ಕಳಚಿ ಬೀಳದಂತೆ ಕಾದರೆ, ಇದು ಚಕ್ರ ಉರುಳದಂತೆ ಕಾಯುತ್ತದೆ. ನನ್ನ ಗಾಡಿಗಿರುವುದು ಇದೇ. ಇದನ್ನು ಹಾಕುವುದಕ್ಕೆ ತಾಳ್ಮೆ ಬೇಕು. ಚಕ್ರದ ಸಂದು ಹಿಂದಿನ ಗೂಡಿಗೆ ನೇರವಾಗಿ ಬರುವ ತನಕ ಗಾಡಿಯನ್ನು ಅರ್ಧ ಅಂಗುಲ ಮುಂದೆ, ಕಾಲು ಅಂಗುಲ ಹಿಂದೆ ಎಂದು ಸರಿಸಬೇಕು, ಆಗದಿದ್ದರೆ ಜಾಕ್ ಹಾಕಿ ಎತ್ತಿ ಚಕ್ರವನ್ನೇ ತಿರುಗಿಸಬೇಕು. ಜಾಕ್ ಹಾಕುವುದು ಲೇಸು. ಗೂಡು ಕಾಣಲು ಟಾರ್ಚ್ ಹಿಡಿಯುವ ಒಬ್ಬರು ಜೊತೆಗಿದ್ದರೆ ಐದು ನಿಮಿಷದ ಕೆಲಸ, ಒಬ್ಬರೇ ಆದರೆ ಅರ್ಧ ಗಂಟೆ ಮತ್ತು ಒಂದಷ್ಟು ಬೈಗುಳ.

ನಾಲ್ಕು ಚಕ್ರದ, ಅಂದರೆ ಎರಡು ಅಚ್ಚಿನ ಗಾಡಿಗೆ ಎರಡು ಬೀಗ ಬೇಕು. ಒಂದೇ ಬೀಗ ಹಾಕಿದರೆ ಆ ಚಕ್ರವನ್ನು ಎತ್ತಿ ಕಟ್ಟಿಯೋ ಕಳಚಿಯೋ ಉಳಿದವುಗಳ ಮೇಲೆ ಎಳೆದುಕೊಂಡು ಹೋಗಬಲ್ಲರು.

ಚಳಿಗಾಲದಲ್ಲಿ ಬೀಗ ತುಕ್ಕು ಹಿಡಿಯುತ್ತದೆ. ಎರಡು ತಿಂಗಳಿಗೊಮ್ಮೆ ತೆಗೆದು, ಒರೆಸಿ, ಕೀಲಿಯ ತೂತಿಗೆ ಗ್ರಾಫೈಟ್ ಪುಡಿ ಹಾಕಿ ಮತ್ತೆ ಕೂರಿಸಿ. ಹೊರಡುವ ದಿನ ತೆಗೆಯುವುದನ್ನು ಮರೆಯದಂತೆ ಕಾರಿನ ಸ್ಟಿಯರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟುವ ಅಭ್ಯಾಸ ಮಾಡಿಕೊಂಡಿದ್ದೇನೆ. ಹಿಂದೊಮ್ಮೆ ಬೀಗ ತೆಗೆಯದೆಯೇ ಮೋಟಾರ್ ಮೂವರ್ (ಕಾರಿಲ್ಲದೆ ಗಾಡಿಯ ಚಕ್ರ ಉರುಳಿಸುವ ಚಿಕ್ಕ ಮೋಟಾರ್) ಒತ್ತಿ ಗಾಡಿಯನ್ನು ಸರಿಸಲು ಹೋಗಿದ್ದೆ. ಆ ಕರ್ಕಶ ಸದ್ದಿಗೆ ಇಡೀ ಬೀದಿ ಹೊರಗೆ ಬಂತು. ಬೀಗ ಗಟ್ಟಿ ಎಂಬುದಂತೂ ಖಚಿತವಾಯಿತು.

5. ಹಿಚ್ ಬೀಗ

ಹಿಚ್‌ನ ಮೇಲೆ ಟೋಪಿಯಂತೆ ಕೂರುವ ಉಕ್ಕಿನ ಪೆಟ್ಟಿಗೆ ಇದು. ಇದರ ಗುಟ್ಟೂ ಬೋಲ್ಟುಗಳಲ್ಲೇ ಇದೆ. ಹಿಚ್‌ನ ತಲೆಯನ್ನು ಚಾಸಿಗೆ ಹಿಡಿದಿಡುವುದು ಒಂದೆರಡು ಬೋಲ್ಟುಗಳು, ಅವು ತೆರೆದಿದ್ದರೆ ಬೀಗ ಹಾಕಿದ ತಲೆಯನ್ನು ಬಿಚ್ಚಿ ಎಸೆದು ಹೊಸ ತಲೆ ಕೂರಿಸಬಹುದು. ಆದ್ದರಿಂದ ಆ ಬೋಲ್ಟುಗಳನ್ನೂ ಮುಚ್ಚುವ ಬೀಗವನ್ನೇ ಆರಿಸಿ. ನಿಮ್ಮ ಹಿಚ್‌ನ ಹೆಸರು, ಮಾದರಿ ನೋಡಿಕೊಂಡು ಹೋಗಿ. ಎಲ್ಲಕ್ಕೂ ಹೊಂದುತ್ತದೆ ಎಂದು ಮಾರುವ ಬೀಗ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ.

ಓಡಿಸುವಾಗಲೂ ಇದನ್ನು ಹಾಕಿರಬಹುದೇ? ತಯಾರಕರು ಹಾಗೆಂದು ಬರೆದಿದ್ದರೆ ಮಾತ್ರ. ಅಪಘಾತವಾದರೆ ಗಾಡಿಯನ್ನು ಕಾರಿನಿಂದ ಬೇಗ ಬಿಡಿಸಬೇಕಾಗುತ್ತದೆ, ಆಗ ಕೀಲಿ ಹುಡುಕುತ್ತ ನಿಲ್ಲುವಂತಾಗಬಾರದು.

ನಾಲ್ಕು ಮೂಲೆಯ ಕಾಲುಗಳಿಗೆ ಹಾಕುವ ಬೀಗಗಳೂ ಅಂಗಡಿಯಲ್ಲಿವೆ. ಆ ಕಾಲುಗಳು ಗಾಡಿ ಅಲುಗಾಡದಿರಲಿ ಎಂದು ಇರುವ ತೆಳ್ಳನೆಯ ತಗಡು. ನಾನು ಅವಕ್ಕೆ ದುಡ್ಡು ಕೊಡಲಿಲ್ಲ.

6. ಅಲಾರಂ, ಮತ್ತು ಅದನ್ನು ಕೊಲ್ಲುವ ಬ್ಯಾಟರಿ

ಕಾರಿನ ಅಲಾರಮಿಗಿಂತ ಕ್ಯಾರವಾನ್‌ದು ಬೇರೆ. ಒಳಗೆ ಯಾರಾದರೂ ಓಡಾಡಿದರೆ ಕೂಗುವುದು ಒಂದು, ಗಾಡಿಯ ಮೂಗನ್ನು ಎತ್ತಿದರೆ ಅಥವಾ ಓರೆ ಮಾಡಿದರೆ ಕೂಗುವುದು ಇನ್ನೊಂದು. ಎರಡನೆಯದು ಇಲ್ಲದ ಅಲಾರಂ ಅರ್ಧ ಅಲಾರಂ, ಏಕೆಂದರೆ ಕಳ್ಳನಿಗೆ ಒಳಗೆ ಹೋಗುವ ಅಗತ್ಯವೇ ಇಲ್ಲ.

ಇವೆಲ್ಲ ನಡೆಯುವುದು ಗಾಡಿಯೊಳಗಿನ ದೀಪ ಮುಂತಾದವಕ್ಕೆಂದು ಇರುವ 12 ವೋಲ್ಟಿನ ಲೆಷರ್ ಬ್ಯಾಟರಿಯ ಮೇಲೆ. ಅಕ್ಟೋಬರಿನಲ್ಲಿ ಗಾಡಿ ನಿಲ್ಲಿಸಿ ಬೀಗ ಹಾಕಿ ಬಂದ ನಾನು ಜನವರಿಯಲ್ಲಿ ಯಾರ್ಡಿಗೆ ಹೋದಾಗ ಬಾಗಿಲು ತೆಗೆದರೂ ಅಲಾರಂ ತುಟಿ ಬಿಚ್ಚಲಿಲ್ಲ. ಅಲಾರಂ ತಾನೇ ದಿನವೂ ಚೂರು ಚೂರು ಕುಡಿದು ಬ್ಯಾಟರಿಯನ್ನು ಬರಿದು ಮಾಡಿತ್ತು. ಗಾಡಿ ಎಲ್ಲಿದೆ ಎಂದು ತಿಳಿಸುವ ಟ್ರ್ಯಾಕರ್ ಕೂಡ ಅದೇ ಬ್ಯಾಟರಿಯನ್ನು ನಂಬಿದ್ದರೆ ಅದೂ ಸತ್ತಿರುತ್ತದೆ. ಛಾವಣಿಗೆ ಒಂದು ಸೋಲಾರ್ ಫಲಕ ಹಾಕಿಸಿ, ಅಥವಾ ತಿಂಗಳಿಗೊಮ್ಮೆ ಬ್ಯಾಟರಿಯನ್ನು ಮನೆಗೆ ತಂದು ಚಾರ್ಜ್ ಮಾಡಿ. ಇಂಗ್ಲೆಂಡಿನ ಡಿಸೆಂಬರ್ ಬಿಸಿಲನ್ನು ನಂಬುವ ಧೈರ್ಯ ನಿಮಗಿಲ್ಲದಿದ್ದರೆ ಎರಡನ್ನೂ ಮಾಡಿ.

7. ಟ್ರ್ಯಾಕರ್

ಬರಿಯ ಜಿಪಿಎಸ್ ಇರುವ ಟ್ರ್ಯಾಕರ್ ಬಯಲಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಡಿಯನ್ನು ತಗಡಿನ ಶೆಡ್ಡಿನೊಳಗೆ ತಳ್ಳಿದರೆ ಅದು ಕುರುಡು. ಒಳ್ಳೆಯವುಗಳಲ್ಲಿ ಜಿಪಿಎಸ್ ಜೊತೆಗೆ ಮೊಬೈಲ್ ಜಾಲವೂ ವಿಎಚ್ಎಫ್ ರೇಡಿಯೊ ಸಂಕೇತವೂ ಇರುತ್ತವೆ, ಒಳಗೇ ಬೇರೆ ಬ್ಯಾಟರಿ ಇರುತ್ತದೆ, ಗಾಡಿ ಕದಲಿದರೆ ದಿನವಿಡೀ ತೆರೆದಿರುವ ನಿಗಾ ಕೇಂದ್ರದಿಂದ ನಿಮಗೆ ಕರೆ ಬರುತ್ತದೆ. ವಿಮೆಯವರು ರಿಯಾಯಿತಿ ಕೊಡುವುದು ವಾಹನಗಳ ಭದ್ರತೆಯನ್ನು ಪರೀಕ್ಷಿಸುವ ಥ್ಯಾಚಮ್ ಸಂಸ್ಥೆಯ ಎಸ್5, ಎಸ್7 ದರ್ಜೆ ಇರುವಂಥವಕ್ಕೆ. ವರ್ಷಕ್ಕೊಮ್ಮೆ ಚಂದಾ ಕಟ್ಟಬೇಕು, ಮರೆತರೆ ಅದೊಂದು ಬರಿಯ ಡಬ್ಬಿ.

ಸ್ನೇಹಿತರು ಕೇಳುತ್ತಾರೆ, ಕಳೆದ ವಸ್ತು ಹುಡುಕುವ ಆಪಲ್‌ನ ಬಿಲ್ಲೆ ಏರ್‌ಟ್ಯಾಗ್ ಒಂದನ್ನು ಸೀಟಿನ ಕೆಳಗೆ ತುರುಕಿದರೆ ಸಾಲದೇ ಎಂದು. ಇಲ್ಲದಿರುವುದಕ್ಕಿಂತ ಮೇಲು. ಆದರೆ ಆ ಬಿಲ್ಲೆ ಹೆಣ್ಣುಮಕ್ಕಳನ್ನು ಹಿಂಬಾಲಿಸುವವರ ಕೈಗೆ ಅಸ್ತ್ರವಾಗಬಾರದೆಂದು, ಅಪರಿಚಿತ ಬಿಲ್ಲೆಯೊಂದು ಜೊತೆಗೆ ಬರುತ್ತಿದೆ ಎಂಬ ಎಚ್ಚರಿಕೆ ಹತ್ತಿರದವರ ಫೋನಿಗೆ ಹೋಗುವಂತೆ ಮಾಡಿದ್ದಾರೆ. ಒಳ್ಳೆಯ ಏರ್ಪಾಡೇ, ಆದರೆ ಇಲ್ಲಿ ಎಚ್ಚರಿಕೆ ಸಿಗುವುದು ಕಳ್ಳನಿಗೆ.

8. ಗುರುತು ಮತ್ತು ಖಾಲಿ ಮನೆ

ಗುರುತು ಸಂಖ್ಯೆಯ ಕೊನೆಯ ಆರು ಅಂಕಿಗಳನ್ನು ದೊಡ್ಡ ಅಕ್ಷರಗಳಲ್ಲಿ ಛಾವಣಿಯ ಮೇಲೆ ಅಂಟಿಸಿ. ಹೆಲಿಕಾಪ್ಟರಿನಿಂದಲೂ ಹೆದ್ದಾರಿಯ ಮೇಲ್ಸೇತುವೆಯಿಂದಲೂ ಕಾಣುತ್ತದೆ, ಕಳ್ಳನಿಗೆ ನೆಲದಿಂದ ಕಾಣುವುದಿಲ್ಲ. ಒಳಗೆ ಬೀರುವಿನ ಹಿಂದೆ, ಹಾಸಿಗೆಯ ಹಲಗೆಯ ಕೆಳಗೆ ಅತಿನೇರಳೆ ಬೆಳಕಿಗೆ ಮಾತ್ರ ಕಾಣುವ ಪೆನ್ನಿನಿಂದ ಮನೆ ಸಂಖ್ಯೆ ಮತ್ತು ಪೋಸ್ಟ್‌ಕೋಡ್ ಬರೆಯಿರಿ. ಕನ್ನಡದಲ್ಲಿ ಹೆಸರು ಬರೆದರೂ ಆದೀತು. ನಮ್ಮ ಮಗಳು ಮೇಜಿನ ಅಡಿಗೆ ಬರೆದ ವರ್ಣಮಾಲೆಯನ್ನು ಅಳಿಸಬಾರದೆಂದು ನಾನು ತೀರ್ಮಾನಿಸಿದ್ದು ಈ ಕಾರಣಕ್ಕೇ.

ನಿಂತ ಗಾಡಿಯಿಂದ ಟಿವಿ, ಪಾತ್ರೆ ಪಗಡೆ, ಮುಖ್ಯವಾಗಿ ಬೆಲೆಬಾಳುವ ಅವ್ನಿಂಗ್ (ಗಾಡಿಯ ಪಕ್ಕಕ್ಕೆ ಕಟ್ಟುವ ಗುಡಾರ) ಎಲ್ಲವನ್ನೂ ಮನೆಗೆ ತನ್ನಿ. ಸೀಟಿನ ಮೆತ್ತೆಗಳನ್ನೂ ತಂದರೆ ತೇವವೂ ಹಿಡಿಯುವುದಿಲ್ಲ, ಮೆತ್ತೆಯಿಲ್ಲದ ಗಾಡಿಗೆ ಕಳ್ಳನ ಮಾರುಕಟ್ಟೆಯಲ್ಲಿ ಬೆಲೆಯೂ ಇಳಿಯುತ್ತದೆ. ಪರದೆಗಳನ್ನು ಸರಿಸಿ, ಕಪಾಟುಗಳ ಬಾಗಿಲು ತೆರೆದಿಡಿ. ಇಲ್ಲಿ ಏನೂ ಇಲ್ಲ ಎಂಬುದು ಕಿಟಕಿಯಿಂದಲೇ ಕಂಡರೆ ಬಾಗಿಲು ಒಡೆಯುವ ಖರ್ಚು ಉಳಿಯುತ್ತದೆ. ಹಳೆಯ ಗಾಡಿಗಳ ಬಾಗಿಲ ಬೀಗವನ್ನು ನಂಬಬೇಡಿ, ಒಂದೇ ಸಂಖ್ಯೆಯ ಕೀಲಿ ಎಷ್ಟೋ ಗಾಡಿಗಳಿಗೆ ಆಗುತ್ತದೆ.

9. ದಾರಿಯಲ್ಲಿ

ಕ್ಯಾಂಪ್‌ಸೈಟಿನಲ್ಲೂ ಚಕ್ರದ ಬೀಗ, ಹಿಚ್ ಬೀಗ ಎರಡೂ ಇರಲಿ. ಊರು ನೋಡಲು ಹೊರಡುವಾಗ ಛಾವಣಿಯ ಕಿಟಕಿಗಳನ್ನು ಮುಚ್ಚಿ. ಫ್ರಾನ್ಸಿಗೆ ಹೋದರೆ ಹೆದ್ದಾರಿ ಬದಿಯ ವಿಶ್ರಾಂತಿ ತಾಣಗಳಲ್ಲಿ ರಾತ್ರಿ ಮಲಗಬೇಡಿ, ಇಪ್ಪತ್ತು ನಿಮಿಷ ಹೆಚ್ಚು ಓಡಿಸಿ ಸೈಟ್ ಹುಡುಕಿ. ರಜೆಯ ಫೋಟೋಗಳನ್ನು ಹಿಂತಿರುಗಿದ ಮೇಲೆ ಹಾಕಿ. ಗಾಡಿ ಮಾರುವ ಜಾಹೀರಾತಿನ ಫೋಟೋದಲ್ಲಿ ಕಿಟಕಿಯ ಸಂಖ್ಯೆ ಕಾಣದಂತೆ ನೋಡಿಕೊಳ್ಳಿ, ಕದ್ದ ಇನ್ನೊಂದು ಗಾಡಿಗೆ ನಿಮ್ಮ ಸಂಖ್ಯೆಯ ವೇಷ ತೊಡಿಸಬಲ್ಲರು.

10. ಹೋಗಿಯೇ ಬಿಟ್ಟರೆ

ಕಣ್ಣೆದುರೇ ಎಳೆದೊಯ್ಯುತ್ತಿದ್ದರೆ 999ಕ್ಕೆ ಕರೆ ಮಾಡಿ, ಅಡ್ಡ ನಿಲ್ಲಲು ಹೋಗಬೇಡಿ. ಒಂದು ಟನ್ನಿಗೂ ಮೀರಿದ ಗಾಡಿ ಎಳೆಯುವ, ಗಾಬರಿಬಿದ್ದ ಮನುಷ್ಯನ ಎದುರು ಧೈರ್ಯ ತೋರಿಸಿ ಪ್ರಯೋಜನವಿಲ್ಲ. ಕಾರಿನ ಬಣ್ಣ, ಸಂಖ್ಯೆ, ಹೋದ ದಿಕ್ಕು ಇಷ್ಟು ಸಾಕು. ಹೋಗಿ ಎಷ್ಟೋ ಹೊತ್ತಾಗಿದ್ದರೆ ಪೊಲೀಸರ ತುರ್ತಲ್ಲದ ಸಂಖ್ಯೆ 101. ಟ್ರ್ಯಾಕರ್ ಇದ್ದರೆ ಅದೇ ಕ್ಷಣ ಅವರ ಕೇಂದ್ರಕ್ಕೂ ತಿಳಿಸಿ. ಪೊಲೀಸರು ಕೊಡುವ ಅಪರಾಧ ಸಂಖ್ಯೆ ಬರೆದುಕೊಂಡು ವಿಮೆಯವರಿಗೆ, ಆಮೇಲೆ ಕ್ರಿಸ್‌ಗೆ ತಿಳಿಸಿ. ಕ್ರಿಸ್‌ನ ದಾಖಲೆಯಲ್ಲಿ ಕಳುವಿನ ಗುರುತು ಬಿದ್ದರೆ ಮುಂದೆ ಅದನ್ನು ಕೊಳ್ಳಲು ಬಂದವರಿಗೆ ತಿಳಿಯುತ್ತದೆ.

ಆಮೇಲಿನ ವಾರಗಳಲ್ಲಿ ಆನ್‌ಲೈನ್ ಮಾರಾಟದ ಪುಟಗಳನ್ನು ದಿನವೂ ನೋಡಿ. ನಿಮ್ಮ ಗಾಡಿಯ ಗೀರು, ಬದಲಿಸಿದ ದೀಪ, ಅಡಿಗೆ ಕಟ್ಟೆಯ ಸುಟ್ಟ ಕಲೆ, ಒಗ್ಗರಣೆ ಸಿಡಿದ ಗೋಡೆ, ಇವು ನಿಮಗಲ್ಲದೆ ಇನ್ನಾರಿಗೂ ಗೊತ್ತಿರುವುದಿಲ್ಲ. ಕಂಡರೆ ಪುಟದ ಚಿತ್ರ ತೆಗೆದು ಪೊಲೀಸರಿಗೆ ಕಳುಹಿಸಿ, ಕೊಳ್ಳುವವರ ಸೋಗಿನಲ್ಲಿ ಒಬ್ಬರೇ ಹೋಗಬೇಡಿ.

ಇಷ್ಟಕ್ಕೆಲ್ಲ ಬೇಕಾದ ಕಾಗದಗಳು, ಅಂದರೆ ಕ್ರಿಸ್ ಪತ್ರ, ಕೊಂಡ ರಸೀದಿ, ಬೀಗಗಳ ಬಿಲ್ಲು, ಹೆಚ್ಚುವರಿ ಕೀಲಿ, ನಾಲ್ಕೂ ಕಡೆಯ ಫೋಟೋ, ಒಂದೇ ಕಡತದಲ್ಲಿರಲಿ. ಕಡತ ಮನೆಯಲ್ಲಿರಲಿ. ನಮ್ಮ ಬೀದಿಯ ಆ ದಂಪತಿಯ ಕಡತ ಅಚ್ಚುಕಟ್ಟಾಗಿತ್ತು, ಕ್ಯಾರವಾನ್‌ನ ಮೇಜಿನ ಡ್ರಾಯರಿನಲ್ಲಿ.